ಚಿತ್ರದ ಬೆನ್ನು

ಮದುವೆಯ ವಿಡಿಯೊಗಳಲ್ಲಿ ವಧೂವರರ ಭಾವಚಿತ್ರವು ಬಾಗಿಲಿನಂತೆ ತಿರುಗಿ, ಮರೆಯಾಗಿ, ಮತ್ತೆ ಎದುರಿಗೆ ಬಂದು ನಿಲ್ಲುವುದನ್ನು ನೀವು ಕಂಡಿರುತ್ತೀರಿ. ಚಪ್ಪಟೆಯಾದ ಚಿತ್ರವೊಂದು ಹಾಗೆ ತಿರುಗುವುದು ಹೇಗೆಂದು ನಾನು ತಿಳಿದುಕೊಂಡದ್ದು ನಮ್ಮ ತಾಯಿಯ ನಿಮಿತ್ತದಿಂದ.

ತಾಯಿಯವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡಿದವರು. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳುಗಳನ್ನು ಸವೆಸಿದವರು. ಅವರದೆಂದು ಉಳಿದಿರುವುದು ಒಂದೇ ಭಾವಚಿತ್ರ, ಅದೂ ಎದುರಿನಿಂದ ತೆಗೆದ ಪಾಸ್‌ಪೋರ್ಟ್ ಅಳತೆಯದು. ವರ್ಷದ ಸ್ಮರಣೆಗೆ ಒಂದು ಚಿಕ್ಕ ವಿಡಿಯೊ ಮಾಡಿಸೋಣವೆಂದು ಚಿಂತಾಮಣಿಯ ಸ್ಟುಡಿಯೊ ಒಂದಕ್ಕೆ ಹೋದೆವು. ಅಲ್ಲಿನ ಯುವಕ ಚಿತ್ರವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಅದರ ನಡುವೆ ನೆಟ್ಟಗೆ ಒಂದು ಕಾಣದ ಕಂಬವನ್ನು ನಿಲ್ಲಿಸಿ, ಅದರ ಸುತ್ತ ತಿರುಗಿಸತೊಡಗಿದ.

ನಿಜಕ್ಕೂ ಅಲ್ಲಿ ಏನೂ ತಿರುಗುವುದಿಲ್ಲ. ಚಿತ್ರದ ಅಗಲ ಮಾತ್ರ ಕುಗ್ಗುತ್ತದೆ. 30 ಡಿಗ್ರಿ ತಿರುಗಿದಾಗ ಸುಮಾರು ಶೇಕಡ 87ರಷ್ಟು ಅಗಲ ಉಳಿದಿರುತ್ತದೆ. 60 ಡಿಗ್ರಿಗೆ ಅರ್ಧ. 90ಕ್ಕೆ ಬರಿಯ ಒಂದು ಗೆರೆ, ಅದೂ ಇಲ್ಲ. ಮೊದಲು ನಿಧಾನ, ಆಮೇಲೆ ಅವಸರ. ಜೊತೆಗೆ ನಮ್ಮತ್ತ ಬರುವ ಅಂಚನ್ನು ತುಸು ಎತ್ತರಿಸಿ, ದೂರ ಸರಿಯುವ ಅಂಚನ್ನು ತಗ್ಗಿಸಿದರೆ ಸಾಕು, ಕಣ್ಣು ತಾನಾಗಿಯೇ ಆಳವನ್ನು ಕಲ್ಪಿಸಿಕೊಳ್ಳುತ್ತದೆ. ರೈಲುಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವ ಕಾರಣವೇ ಇಲ್ಲಿಯೂ ಕೆಲಸ ಮಾಡುತ್ತದೆ. 90 ಡಿಗ್ರಿ ದಾಟಿದ ಮೇಲೆ ಹಿಂದುಮುಂದಾದ ಅದೇ ಮುಖ. ಎಡಹೆಗಲ ಸೆರಗು ಬಲಕ್ಕೆ ಬಂದಿರುತ್ತದೆ!

ನಮ್ಮ ಜೊತೆಯಲ್ಲಿ ಅಕ್ಕನ ಮೊಮ್ಮಗಳು ಬಂದಿದ್ದಳು. ಆರು ವರ್ಷದ ಹುಡುಗಿ, ಮುತ್ತಜ್ಜಿಯನ್ನು ಕಂಡವಳಲ್ಲ. ತಾಯಿಯ ತುರುಬಿನ ಮಾತನ್ನು ಮನೆಯಲ್ಲಿ ಕೇಳಿಕೇಳಿ ಬಲ್ಲಳು. ಆಕೆ ಯುವಕನನ್ನು ಕೇಳಿದಳು: "ಅಂಕಲ್, ಇನ್ನೂ ಸ್ವಲ್ಪ ತಿರುಗಿಸಿ, ಮುತ್ತಜ್ಜಿಯ ತುರುಬು ನೋಡಬೇಕು."

ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ತುರುಬು ಅಲ್ಲಿರಲಿಲ್ಲವಲ್ಲ. ಕ್ಯಾಮೆರಾ ಕಾಣದ್ದನ್ನು ಎಷ್ಟು ತಿರುಗಿಸಿದರೂ ಕಾಣಿಸಲಾಗದು. ಕಲ್ಲುಗಳ ವಿಷಯದಲ್ಲಿ ನಮ್ಮವರು ಬೇರೆ ದಾರಿ ಹಿಡಿದಿದ್ದಾರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಕೋಲಾರ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1905ರಲ್ಲಿ, ಬಿ. ಎಲ್. ರೈಸ್ ಅವರು ಈ ತಾಲ್ಲೂಕುಗಳ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಪುಟದ ಮೇಲೆ ಅಕ್ಷರ ಉಳಿಯಿತು, ಕಲ್ಲಿನ ಆಳ ಉಳಿಯಲಿಲ್ಲ. 2021ರಿಂದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತ ಬಂದಿದ್ದಾರೆ. ಅಲ್ಲಿ ಸ್ಕ್ಯಾನರನ್ನು ಕಲ್ಲಿನ ಮೇಲೆಲ್ಲ ಆಡಿಸಿ, ಒಂದೊಂದು ಬಿಂದುವಿನ ತಗ್ಗು ಉಬ್ಬನ್ನು ಅಳೆಯುತ್ತಾರೆ. ಆ ಕಲ್ಲನ್ನು ತೆರೆಯ ಮೇಲೆ ಹೊರಳಿಸಿದಾಗ ಕಾಣುವುದು ಕೈಚಳಕವಲ್ಲ. ಬೆಳಕನ್ನು ಓರೆಯಾಗಿ ಬೀಳಿಸಿದರೆ ಸವೆದ ಅಕ್ಷರವೂ ತಲೆಯೆತ್ತುತ್ತದೆ. ಕಲ್ಲಿಗೆ ದೊರೆತ ಈ ಭಾಗ್ಯ ನಮ್ಮ ಹಿರಿಯರಲ್ಲಿ ಎಷ್ಟು ಜನರಿಗೆ ದೊರೆತೀತು!

ಯುವಕ ಒಳ್ಳೆಯವನು. ಕೃತಕ ಬುದ್ಧಿಮತ್ತೆಯ ಒಂದು ಸಾಧನವಿದೆ, ಅದು ಇಲ್ಲದ ಬೆನ್ನನ್ನೂ ರಚಿಸಿಕೊಡುತ್ತದೆ, ತುರುಬನ್ನೂ ಇಡುತ್ತದೆ ಎಂದ. ಇಡುತ್ತದೆ, ನಿಜ. ಯಾರದೋ ತುರುಬು. ಲಕ್ಷಾಂತರ ಚಿತ್ರಗಳನ್ನು ನೋಡಿ ಕಲಿತ ಯಂತ್ರ ಹೇಗಿದ್ದಿರಬಹುದೆಂದು ಊಹಿಸಬಲ್ಲುದು. ಹೇಗಿತ್ತೆಂದು ಅದಕ್ಕೆ ಗೊತ್ತಿಲ್ಲ. ಆ ಮಗುವಿನ ನೆನಪಿನಲ್ಲಿ ಮೊದಲು ಕೂರುವ ಮುತ್ತಜ್ಜಿ ಊಹೆಯ ಮುತ್ತಜ್ಜಿಯಾಗಬಾರದೆಂದು ನನಗನಿಸಿತು. ಬೇಡವೆಂದೆ. ಅಕ್ಕನಿಗೆ ಅಷ್ಟಾಗಿ ಹಿಡಿಸಲಿಲ್ಲ. ಮಗು ಕೇಳುತ್ತಿದೆಯಲ್ಲ ಎಂದು ಎರಡು ಸಲ ಹೇಳಿದಳು.

ಕೊನೆಗೆ ಚಿತ್ರವನ್ನು 60 ಡಿಗ್ರಿಯವರೆಗೆ ತಿರುಗಿಸಿ ಹಿಂದಕ್ಕೆ ತರುವುದೆಂದು ಗೊತ್ತಾಯಿತು. ಬಸ್ಸಿನಲ್ಲಿ ಅಕ್ಕ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಾಯಿಯ ತುರುಬು ಕತ್ತಿನ ಹತ್ತಿರಕ್ಕೆ ಇಳಿದಿರುತ್ತಿತ್ತು, ತುಸು ಎಡಕ್ಕೆ ವಾಲಿರುತ್ತಿತ್ತು, ಭಾನುವಾರ ಮಾತ್ರ ಕನಕಾಂಬರ ಎಂದು ಹೇಳುತ್ತಿದ್ದಳು. ಎಡಕ್ಕೋ ಬಲಕ್ಕೋ ಎಂದು ನನಗೆ ಅನುಮಾನವಿತ್ತು. ಶಿಡ್ಲಘಟ್ಟ ಬರುವವರೆಗೂ ಅದೇ ಚರ್ಚೆ ನಡೆಯಿತು.