ನಿಂತು ಕೇಳಿದವನು

ಈ ಕಾಲದಲ್ಲಿ ಕೈಯಾರೆ ಕಾಗದ ಬರೆಯುವವರು ಯಾರಿದ್ದಾರೆ ಹೇಳಿ? ಹೋರ್ಹೆ ರಾಮೋಸ್ ಬರೆದ. 2015ರಲ್ಲಿ, ಡೊನಾಲ್ಡ್ ಟ್ರಂಪ್ ಅವರ ಸಂದರ್ಶನ ಬೇಕೆಂದು, ಜೊತೆಗೆ ತನ್ನ ಮೊಬೈಲ್ ನಂಬರನ್ನೂ ಹಾಕಿ. ಟ್ರಂಪ್ ಏನು ಮಾಡಿದರು ಗೊತ್ತೆ? ಆ ಕಾಗದವನ್ನು ನಂಬರ್ ಸಮೇತ ಇನ್‌ಸ್ಟಾಗ್ರಾಂಗೆ ಹಾಕಿಬಿಟ್ಟರು! ಆಮೇಲೆ ಆ ಫೋನಿನ ಪಾಡು ಕೇಳಬೇಡಿ. ನಮ್ಮಲ್ಲಿ ಯಾವುದೋ ಲೇಔಟಿನ ಸ್ಟಾಲಿನಲ್ಲಿ ಒಮ್ಮೆ ನಂಬರ್ ಬರೆದುಕೊಟ್ಟರೆ ಸಾಕು, ಮಧ್ಯಾಹ್ನದ ನಿದ್ದೆಗೆ ಎಳ್ಳುನೀರು. ದೇವನಹಳ್ಳಿ ಹತ್ತಿರ ಸೈಟಿದೆ ಸಾರ್ ಎಂಬ ದನಿ ಬೆನ್ನು ಬಿಡುವುದಿಲ್ಲ. ಹಾಗಿರುವಾಗ ಇಡೀ ಅಮೆರಿಕದ ಕೈಗೆ ನಂಬರ್ ಸಿಕ್ಕರೆ?

ಯಾರಪ್ಪಾ ಈ ರಾಮೋಸ್ ಎನ್ನುತ್ತೀರಾ? ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ಮನೆಗಳಲ್ಲಿ ಸಂಜೆ ಯೂನಿವಿಷನ್ ವಾರ್ತೆ ಹಾಕಿದರೆ ಕಾಣುತ್ತಿದ್ದ ಬಿಳಿಕೂದಲಿನ ಆಸಾಮಿ. ಕೂದಲು ಮೊದಲೇನೂ ಬಿಳಿ ಇರಲಿಲ್ಲವೆನ್ನಿ. 1986ರಲ್ಲಿ ಆ ಕುರ್ಚಿಯಲ್ಲಿ ಕೂತಾಗ ವಯಸ್ಸಿನ್ನೂ 28. ಎದ್ದದ್ದು 2024ರ ಕೊನೆಗೆ. ಹಾಲಿನ ಡೇರಿ ಅಧ್ಯಕ್ಷರಿಗೂ ಅಷ್ಟು ವರ್ಷ ಒಂದೇ ಕುರ್ಚಿ ದಕ್ಕುವುದಿಲ್ಲ.

ಹುಟ್ಟೂರು ಮೆಕ್ಸಿಕೋ ಸಿಟಿ. ಅಲ್ಲಿ ಟೆಲಿವೀಸಾ ಎಂಬ ಟಿವಿ ಸಂಸ್ಥೆಯಲ್ಲಿ ಕೆಲಸ. ಸರ್ಕಾರಕ್ಕೆ ಚುಚ್ಚುವಂಥ ವರದಿಯೊಂದಕ್ಕೆ ಮೇಲಿನವರು ಕತ್ತರಿ ಹಾಕಲು ಬಂದಾಗ ಈತ ರಾಜೀನಾಮೆ ಬಿಸಾಕಿ, ತನ್ನ ಫೋಕ್ಸ್‌ವ್ಯಾಗನ್ ಬೀಟಲ್ ಮಾರಿ, 1983ರಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಲಾಸ್ ಏಂಜಲೀಸಿಗೆ ಹೊರಟ. ಆ ಗುಂಡುಬೆನ್ನಿನ ಕಾರನ್ನು ಮೆಕ್ಸಿಕೋದವರು ಮುದ್ದಿನಿಂದ 'ವೋಚೋ' ಎನ್ನುತ್ತಾರೆ. ಜರ್ಮನಿಯವರೇ ಅದನ್ನು ಕೈಬಿಟ್ಟ ಮೇಲೂ ಪ್ವೆಬ್ಲಾದ ಕಾರ್ಖಾನೆ 2003ರವರೆಗೆ ಬಿಡದೆ ತಯಾರಿಸುತ್ತಿತ್ತು. ನೋಡಿ, ಮನುಷ್ಯನ ಕತೆ ಹೇಳಹೊರಟವನು ಕಾರಿಗೆ ಬಂದೆ. ಇರಲಿ, ಅಮೆರಿಕದಲ್ಲಿ ಮೊದಲಿಗೆ ಹೋಟೆಲಿನಲ್ಲಿ ತಟ್ಟೆ ಲೋಟ ಹೊತ್ತ, ಆಮೇಲೆ ಮೈಕು ಹಿಡಿದ.

ಮತ್ತೆ ಟ್ರಂಪ್ ವಿಷಯಕ್ಕೆ ಬರೋಣ. ಅದೇ 2015ರ ಆಗಸ್ಟಿನಲ್ಲಿ ಅಯೋವಾದ ಡುಬ್ಯೂಕ್ ಊರಿನಲ್ಲಿ ಪತ್ರಿಕಾಗೋಷ್ಠಿ. ರಾಮೋಸ್ ಎದ್ದು ನಿಂತು ವಲಸಿಗರ ಬಗ್ಗೆ ಕೇಳತೊಡಗಿದ. ಕೂತ್ಕೊಳ್ಳಿ ಎಂದರು, ಕೂರಲಿಲ್ಲ. ಅಂಗರಕ್ಷಕ ಬಂದು ನೂಕಿಕೊಂಡೇ ಹೋದ. ಹೊರಗೆ ಯಾರೋ ಪುಣ್ಯಾತ್ಮ ನನ್ನ ದೇಶ ಬಿಟ್ಟು ತೊಲಗು ಎಂದನಂತೆ. ನಾನೂ ಇಲ್ಲಿನ ಪ್ರಜೆಯೇ ಎಂದು ಈತ. 2008ರಲ್ಲೇ ಪೌರತ್ವ ಪಡೆದಿದ್ದ. ತಮಾಷೆಯೆಂದರೆ, ಸ್ವಲ್ಪ ಹೊತ್ತಿಗೆ ಮತ್ತೆ ಒಳಗೆ ಬಿಟ್ಟರು, ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದ. ನಮ್ಮ ಕೆಲವು ಚಾನೆಲ್ಲುಗಳಲ್ಲಿ ಈ ತಾಪತ್ರಯವೇ ಇಲ್ಲ ಬಿಡಿ: ನಿರೂಪಕರೇ ಪ್ರಶ್ನೆ ಕೇಳಿ, ನಿರೂಪಕರೇ ಉತ್ತರಿಸಿ, ನಿರೂಪಕರೇ ಸಿಟ್ಟಾಗುತ್ತಾರೆ. ಅತಿಥಿಗೆ ಎಂಥ ಆರಾಮ!

ಬಲಪಂಥದವರ ಮೇಲೆ ಮಾತ್ರ ಇವನ ಕಣ್ಣು ಎನ್ನುವಂತಿಲ್ಲ. 2019ರಲ್ಲಿ ವೆನೆಜುವೆಲಾದ ಅಧ್ಯಕ್ಷ ಮಡೂರೊ ಎದುರಿಗೇ ಕೂತು, ಕಸದ ಲಾರಿಯಿಂದ ಹೆಕ್ಕಿ ತಿನ್ನುತ್ತಿದ್ದ ಹುಡುಗರ ವಿಡಿಯೋ ತೋರಿಸಿದ. ಮಡೂರೊ ಆ ಪರದೆಗೆ ಕೈ ಅಡ್ಡ ಹಿಡಿಯಹೋದರು, ಆಮೇಲೆ ಎದ್ದೇ ನಡೆದರು. ಟ್ರಂಪ್ ಹೊರಗೆ ಹಾಕಿಸಿದ್ದರು. ಇವರು ಒಳಗೆ ಹಾಕಿಸಿದರು, ಎರಡು ಗಂಟೆಗೂ ಹೆಚ್ಚು. ಕ್ಯಾಮೆರಾಗಳನ್ನು ಕಸಿದುಕೊಂಡು ಮರುದಿನ ದೇಶದಿಂದಲೇ ಅಟ್ಟಿದರು. ಆದರೇನು, ಕೆಲವು ತಿಂಗಳಲ್ಲಿ ಆ ಸಂದರ್ಶನದ ವಿಡಿಯೋ ಹೇಗೋ ಯೂನಿವಿಷನ್ ಕೈಸೇರಿತು, ಪ್ರಸಾರವೂ ಆಯಿತು. ಮಡೂರೊ ನೋಡಿದರೋ ಇಲ್ಲವೋ, ಅವರನ್ನೇ ಕೇಳಬೇಕು.