ಹಲ್ಲುಜ್ಜಲು ಒಲ್ಲದ ಮಗು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಿರಿಯರು ಮಾವಿನ ಎಲೆ ಮಡಚಿ, ಉಮಿಕರಿ (ಭತ್ತದ ಹೊಟ್ಟು ಸುಟ್ಟ ಕರಿ) ಹಚ್ಚಿ ಹಲ್ಲುಜ್ಜುತ್ತಿದ್ದರು. ಎಲೆಯ ನಡುಕಡ್ಡಿ ಸೀಳಿ ನಾಲಗೆ ಕೆರೆಯುತ್ತಿದ್ದರು. ಬಾವಿಕಟ್ಟೆಯ ಬಳಿ ಅಜ್ಜನನ್ನು ನೋಡಿಯೇ ಮಕ್ಕಳು ಕಲಿಯುತ್ತಿದ್ದರು. ಉಮಿಕರಿ ಒರಟು, ಎಳೆ ಹಲ್ಲಿಗೆ ಬೇಡ. ಜೊತೆಗೆ ನಿಂತು ಉಜ್ಜುವ ಆ ರೂಢಿ ಮಾತ್ರ ಇಂದಿಗೂ ಬೇಕೇ ಬೇಕು.

ಹಟ ಮಾಡುವ ಮಗುವಿಗೆ ಬಹಳ ಸಲ ಪೇಸ್ಟಿನ ಖಾರವೇ ತೊಂದರೆ. 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಅನಂತರ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಮಗುವನ್ನು ಮಡಿಲಿಗೆ ಒರಗಿಸಿಕೊಂಡು ಮೃದು ಬ್ರಷ್‌ನಿಂದ ದವಡೆ ಹಲ್ಲುಗಳನ್ನೂ ಉಜ್ಜಬೇಕು. ಬ್ರಷ್ ಹಿಡಿಯುವ ಸರದಿ ಮಗುವಿಗೂ ಸಿಗಬೇಕು. ಗದರಿಸಿದರೆ ಬಾಯಿ ಇನ್ನಷ್ಟು ಬಿಗಿಯಾಗುತ್ತದೆ. ನಿದ್ರೆಯಲ್ಲಿ ಜೊಲ್ಲು ಕಡಿಮೆ ಒಸರುವುದರಿಂದ ರಾತ್ರಿ ಉಜ್ಜುವುದನ್ನು ಬಿಡಬಾರದು. 7–8 ವರ್ಷದವರೆಗೆ ಕೊನೆಯ ಕೈ ದೊಡ್ಡವರದೇ ಇರಬೇಕು.