ಅಜ್ಜಿಯ ಮುಯ್ಯಾಳು, ನಮ್ಮ ಏಜೆಂಟು

ಏಳನೇ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಆರಿಸಿಕೊಂಡದ್ದು ಪೀರ್-ಟು-ಪೀರ್ ನೆಟ್‌ವರ್ಕ್. ಅಲ್ಲಿ ಸರ್ವರ್ ಅನ್ನೋ ಯಜಮಾನ ಇರಲ್ಲ. ದೊಡ್ಡ ಫೈಲನ್ನು ಚೂರು ಮಾಡಿ, ಪ್ರತಿ ಕಂಪ್ಯೂಟರ್ ತನ್ನಲ್ಲಿರೋ ಚೂರನ್ನು ಬೇರೆಯವರಿಗೆ ಕೊಡಬೇಕು, ಇಲ್ಲದ್ದನ್ನು ಪಡೆಯಬೇಕು. ಯಾರಿಗೆ ಕೊಡೋದು ಅಂತ ನಿರ್ಧರಿಸೋಕೆ ಪ್ರತಿಯೊಂದರಲ್ಲೂ ಒಂದು ಏಜೆಂಟ್: ಯಾರ ಅಪ್ಪಣೆಗೂ ಕಾಯದೆ, ತಾನು ಕಂಡದ್ದರ ಮೇಲೆ ತಾನೇ ತೀರ್ಮಾನ ಮಾಡುವ ಸಣ್ಣ ಪ್ರೋಗ್ರಾಮ್.

ಇಂಥ ಕಡೆ ದೊಡ್ಡ ತಲೆನೋವು ಪುಕ್ಕಟೆ ಗಿರಾಕಿಗಳು. 2000ದಲ್ಲಿ ನುಟೆಲ್ಲಾ ನೆಟ್‌ವರ್ಕನ್ನು ಅಧ್ಯಯನ ಮಾಡಿದ ಏಡಾರ್ ಮತ್ತು ಹ್ಯೂಬರ್ಮನ್, ಹತ್ತಿರ ಹತ್ತಿರ 70% ಬಳಕೆದಾರರು ಒಂದು ಫೈಲನ್ನೂ ಹಂಚುತ್ತಿಲ್ಲ ಎಂದು ಕಂಡುಕೊಂಡರು. ಹಾಗಾಗಿ ನಮ್ಮ ಏಜೆಂಟಿಗೆ ಖಡಕ್ ನಿಯಮ ಬರೆದೆವು: ಇತ್ತೀಚೆಗೆ ಕೊಟ್ಟವರಿಗೆ ಮಾತ್ರ ಕೊಡು.

ಸಿಮ್ಯುಲೇಷನ್‌ನಲ್ಲಿ ಪುಕ್ಕಟೆ ಗಿರಾಕಿಗಳು ಉಪವಾಸ ಬಿದ್ದರು. ನಮಗೆ ಖುಷಿಯೋ ಖುಷಿ. ಆಮೇಲೆ ನಾನು ಕರೆಂಟ್ ಕಟ್ ಸೇರಿಸಿದೆ. ಅಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸ್ತಾರೆ. ಕರೆಂಟ್ ಹೋಗದ ನೆಟ್‌ವರ್ಕ್ ನನಗೆ ಊಹಿಸೋಕೇ ಬರಲ್ಲ. ನೋಡಿದರೆ, ಸ್ವಲ್ಪ ಹೊತ್ತು ಆಫ್ ಆಗಿ ವಾಪಸ್ ಬಂದ ಕಂಪ್ಯೂಟರುಗಳನ್ನು ಯಾರೂ ಮಾತಾಡಿಸಲಿಲ್ಲ. ಹೊಸದಾಗಿ ಸೇರಿದವರ ಕಥೆಯೂ ಅಷ್ಟೇ. ಕೊಡೋಕೆ ಚೂರಿಲ್ಲ, ಕೊಡದೆ ಚೂರು ಸಿಗಲ್ಲ.

ಆ ಶನಿವಾರ ಮನೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಒದ್ದಾಡ್ತಿದ್ದಾಗ ಅಜ್ಜಿ, "ಏನ್ಲಾ ಮಗ ಅದು?" ಅಂದರು. ಹೇಳಿದೆ.

"ಇದು ನಮ್ ಮುಯ್ಯಾಳೇ ಅಲ್ವೇನ್ಲಾ! ಇವತ್ತು ನಿಮ್ ಹೊಲದ ಕಳೆಗೆ ನಾನು, ನಾಳೆ ನಮ್ ಹೊಲಕ್ಕೆ ನೀವು."

"ಹೂಂ ಅಜ್ಜಿ, ಹಂಗೇ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿಮ್ ತಾತ ಹೋದಾಗ ನಿಮ್ಮಪ್ಪಂಗೆ ಒಂಬತ್ತು ವರ್ಷ. ರಾಗಿ ಕುಯ್ಲಿಗೆ ಬಂದಿತ್ತು. ಆ ವರ್ಷ ನಾನು ಯಾರ ಹೊಲಕ್ಕೂ ಹೋಗಿರ್ಲಿಲ್ಲ. ಆದ್ರೂ ಏಳು ಜನ ಕುಡ್ಲು ಹಿಡ್ಕೊಂಡು ಬಂದ್ರು. ನಿನ್ ಮಿಷಿನ್ನಾಗಿದ್ರೆ ಬತ್ತಿರ್ಲಿಲ್ಲ, ಅಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

"ಕೊಡಕ್ಕಾಗ್ದೋರು ಬೇರೆ, ಕೊಡ್ದಿರೋರು ಬೇರೆ ಕಣ್ಲಾ."

ತೊಡಕಿದ್ದದ್ದು ಅಲ್ಲೇ. ಒಂದೇ ಊರಲ್ಲಿ ಬಾಳಿದ ಅಜ್ಜಿಗೆ ಇಬ್ಬರ ವ್ಯತ್ಯಾಸ ಗೊತ್ತು. ಏಜೆಂಟಿಗೆ ಕಾಣೋದು ಬರೀ ಸೊನ್ನೆ.

ಬ್ರಾಮ್ ಕೋಹೆನ್ 2001ರಲ್ಲಿ ಹೊರತಂದ ಬಿಟ್‌ಟೊರೆಂಟ್‌ನಲ್ಲಿ ಇದಕ್ಕೊಂದು ದಾರಿ ಇದೆ. ಅದರದ್ದೂ ಮುಯ್ಯಿಗೆ ಮುಯ್ಯಿ ಲೆಕ್ಕವೇ: 10 ಸೆಕೆಂಡಿಗೊಮ್ಮೆ ನೋಡಿ, ಹೆಚ್ಚು ಕೊಟ್ಟವರಿಗೆ ಕೊಡುತ್ತದೆ. ಆದರೆ ಒಂದು ಜಾಗ ಲೆಕ್ಕಕ್ಕೆ ಹೊರಗೆ. ಅದು 30 ಸೆಕೆಂಡಿಗೊಮ್ಮೆ ಬೇರೆಯವರಿಗೆ ಹೋಗುತ್ತದೆ, ಅವರು ಏನೂ ಕೊಡದಿದ್ದರೂ ಸರಿ. ಹೆಸರು ಆಪ್ಟಿಮಿಸ್ಟಿಕ್ ಅನ್‌ಚೋಕ್. ಪಾಠದಲ್ಲಿ ಓದಿದ್ದೆ, 'ದಂಡ' ಅಂತ ನಮ್ಮ ಕೋಡಿನಿಂದ ತೆಗೆದು ಹಾಕಿದ್ದವನೂ ನಾನೇ. ವಾಪಸ್ ಸೇರಿಸಿದೆ. ಬಿದ್ದ ಕಂಪ್ಯೂಟರುಗಳು ನಿಧಾನಕ್ಕೆ ಎದ್ದು ನಿಂತವು. ಪುಕ್ಕಟೆ ಗಿರಾಕಿಗಳಿಗೂ ಒಂದಿಷ್ಟು ಸಿಕ್ಕಿತು.

ಅದನ್ನೂ ಅಜ್ಜಿಗೆ ಹೇಳಿದೆ. ನಕ್ಕರು. "ನಮ್ಮಲ್ಲೂ ಒಬ್ಬ ಇದ್ದ, ಉಣ್ಣಕ್ ಮಾತ್ರ ಬರೋನು. ಅವ್ನೊಬ್ಬ ಉಂಡ ಅಂತ ಎಲ್ರ ಎಲೆ ಎತ್ತಕ್ಕಾಗ್ತದಾ?"

ಈಗ ಊರಲ್ಲಿ ಮುಯ್ಯಾಳು ನಿಂತುಹೋಗಿದೆ. ಅಜ್ಜಿ ಕಳೆ ಕಿತ್ತ ಹೊಲಗಳಲ್ಲಿ ಲೇಔಟಿನ ಕಲ್ಲು ನಿಂತಿವೆ.

ವೈವಾದಲ್ಲಿ ಎಕ್ಸಾಮಿನರ್ ಕೇಳಿದರು: "ಏನೂ ಕೊಡದವನಿಗೆ ಬ್ಯಾಂಡ್‌ವಿಡ್ತ್ ಯಾಕೆ ವೇಸ್ಟ್ ಮಾಡ್ತೀರಿ?"

"ಅವರ ಮನೇಲಿ ಕರೆಂಟ್ ಹೋಗಿರಬಹುದು ಸಾರ್" ಅಂದೆ.